ಹಳೆಯ ಡೀಸೆಲ್ ಎಂಜಿನ್ ಮೇಲಿನ ಸುಳ್ಳು ಆರೋಪ

ಚಳಿಗಾಲದ ಬೆಳಗ್ಗೆ ಹಳೆಯ ಟಿಂಬರ್ ಲಾರಿಯೊಂದು ಸ್ಟಾರ್ಟ್ ಆಗದೆ ನಿಂತರೆ ಸುತ್ತ ಸೇರಿದವರು ಆಡುವ ಮಾತುಗಳು ಯಾವ ಊರಿನಲ್ಲೂ ಹೆಚ್ಚುಕಡಿಮೆ ಒಂದೇ. ಬ್ಯಾಟರಿ ಡೌನ್ ಆಗಿದೆ ಎನ್ನುತ್ತಾರೆ ಒಬ್ಬರು. ಪಂಪ್ ಹೋಗಿದೆ, ಬಿಚ್ಚಿಸಿ ಎನ್ನುತ್ತಾರೆ ಇನ್ನೊಬ್ಬರು. ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯಿರಿ, ಇಲ್ಲವಾದರೆ ಇನ್ನೊಂದು ಗಾಡಿ ಕಟ್ಟಿ ಎಳೆಯಿರಿ ಎನ್ನುವವರೂ ಇರುತ್ತಾರೆ. ಇಷ್ಟಕ್ಕೂ ಜಗ್ಗದಿದ್ದರೆ ಎಲ್ಲರೂ ಒಪ್ಪುವ ಕೊನೆಯ ತೀರ್ಪು ಸಿದ್ಧವಾಗಿರುತ್ತದೆ: ಗಾಡಿಗೆ ವಯಸ್ಸಾಯಿತು, ಗುಜರಿಗೆ ಹಾಕಿ.

ಈ ತೀರ್ಪನ್ನೂ ಅದಕ್ಕೆ ದಾರಿ ಮಾಡಿಕೊಟ್ಟ ನಂಬಿಕೆಗಳನ್ನೂ ನಾನು ಒಪ್ಪುವುದಿಲ್ಲ. ಸ್ಟಾರ್ಟ್ ಆಗದ ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ತಪ್ಪು ಸಾಮಾನ್ಯವಾಗಿ ಎಂಜಿನ್ನಿನ ಹೊಟ್ಟೆಯೊಳಗೆ ಇರುವುದಿಲ್ಲ. ಅದು ಹೊರಗೆ, ಕೈಗೆ ಎಟಕುವ ಜಾಗದಲ್ಲಿ, ಕೆಲವೇ ರೂಪಾಯಿಯ ವಾಷರ್‌ನಲ್ಲೋ ತುಕ್ಕು ಹಿಡಿದ ಅರ್ಥ್ ಕೇಬಲ್‌ನಲ್ಲೋ ಬಿರುಕು ಬಿಟ್ಟ ಡೀಸೆಲ್ ಪೈಪಿನಲ್ಲೋ ಕೂತಿರುತ್ತದೆ. ಅದನ್ನು ಹುಡುಕಲು ಒಂದು ಕ್ರಮ ಬೇಕು. ಆ ಕ್ರಮ ಬಿಟ್ಟು ಊಹೆಯಿಂದ ಕೈಹಾಕಿದಾಗ ಎಂಜಿನ್ ನಿಜಕ್ಕೂ ಕೆಡುತ್ತದೆ. ಆಮೇಲೆ ವಯಸ್ಸಿನ ಮೇಲೆ ಅಪವಾದ ಹೊರಿಸುತ್ತೇವೆ.

ಈ ವಾದವನ್ನು ಪರೀಕ್ಷೆಗೆ ಒಡ್ಡಲು ನಾಗಪುರದ ಪಕ್ಕದ ಕನ್ಹಾನ್‌ಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕಾಮಠಿಯ ದಂಡುಪ್ರದೇಶ ಕಳೆದು ಕನ್ಹಾನ್ ನದಿಯ ಸೇತುವೆ ಇಳಿದರೆ ಸಿಗುವ ಊರು ಇದು. ಸುತ್ತ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ಕಲ್ಲಿದ್ದಲು ಗಣಿಗಳು. ಉತ್ತರಕ್ಕೆ ಮನಸರ್ ಕಡೆ ಮ್ಯಾಂಗನೀಸ್ ಗಣಿಗಳು. ಅದರಾಚೆ ರಾಮಟೇಕ್, ದೇವಲಾಪಾರ್, ಪೆಂಚ್ ಸೀಮೆಯ ತೇಗದ ಕಾಡು. ಮಹಾರಾಷ್ಟ್ರದ ಅರಣ್ಯ ಅಭಿವೃದ್ಧಿ ನಿಗಮ 1974ರಲ್ಲಿ ಹುಟ್ಟಿ ಕೇಂದ್ರ ಕಚೇರಿ ಮಾಡಿಕೊಂಡದ್ದು ನಾಗಪುರದಲ್ಲೇ. ಬೆಂಗಳೂರು, ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಹಾದು ಹೈದರಾಬಾದಿನ ಮೇಲೆ ಉತ್ತರಕ್ಕೆ ಹೋಗುತ್ತಿದ್ದ ಹಳೆಯ ಏಳನೇ ನಂಬರ್ ಹೆದ್ದಾರಿ ನಾಗಪುರ ಬಿಟ್ಟ ಮೇಲೆ ಸಿವನಿ, ಜಬಲ್ಪುರದ ಕಡೆ ತಿರುಗಿದ್ದು ಈ ಊರಿನ ಮೇಲೆಯೇ. ಹಾಗಾಗಿ ದಕ್ಷಿಣದ ಲಾರಿ ಚಾಲಕರಿಗೆ ಈ ಸೇತುವೆ ಹೊಸದಲ್ಲ. ಇಲ್ಲಿ ಓಡಾಡುವ ಹಳೆಯ ಲಾರಿಗಳ ಬಾನೆಟ್ ಎತ್ತಿದರೆ ಇಂಜೆಕ್ಷನ್ ಪಂಪಿನ ಮೇಲೆ ಕಾಣುವ ಹೆಸರೂ ನಮಗೆ ಹೊಸದಲ್ಲ: ಮೈಕೋ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿಯದು ಅದು.

ಹವೆಯ ದೃಷ್ಟಿಯಿಂದಲೂ ಈ ಸೀಮೆ ಎಂಜಿನ್ನಿಗೆ ಕಠಿಣ. ಮೇ ತಿಂಗಳಲ್ಲಿ ಉಷ್ಣಾಂಶ 45 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. 2018ರ ಡಿಸೆಂಬರ್ ಕೊನೆಯಲ್ಲಿ ಅದೇ ನಾಗಪುರ 3.5 ಡಿಗ್ರಿಗೆ ಇಳಿಯಿತು. ಒಂದೇ ಯಂತ್ರ ಈ ಎರಡು ತುದಿಗಳನ್ನೂ ಸಹಿಸಬೇಕು.

ಮರದ ಕೆಲಸದಲ್ಲಿ ಎಂಥ ಯಂತ್ರಗಳಿವೆ? ದಿಮ್ಮಿ ಸಾಗಿಸುವ ಹಳೆಯ ಟಾಟಾ, ಲೇಲ್ಯಾಂಡ್ ಲಾರಿಗಳು. ಡಿಪೋಗಳಲ್ಲಿ ದಿಮ್ಮಿ ಎತ್ತಿ ಹೇರುವ, ಜನ ಹೈಡ್ರಾ ಎಂದೇ ಕರೆಯುವ ಕ್ರೇನುಗಳು. ಕಾಡಿನಲ್ಲಿ ಮರ ಕಡಿಯುವ ಕೂಪುಗಳಿಂದ ದಿಮ್ಮಿ ಎಳೆದು ತರುವ ಟ್ರ್ಯಾಕ್ಟರುಗಳು. ಕರೆಂಟ್ ನೆಚ್ಚಿಕೊಳ್ಳಲಾಗದ ಸಾ ಮಿಲ್ಲುಗಳಲ್ಲಿ ಹ್ಯಾಂಡಲ್ ಹಾಕಿ ತಿರುಗಿಸುವ ಒಂದು ಸಿಲಿಂಡರಿನ ಎಂಜಿನ್ನುಗಳು. ದಾಂಡೇಲಿ, ಯಲ್ಲಾಪುರ ಕಡೆಯ ಡಿಪೋಗಳಲ್ಲೂ ಇದೇ ಕುಟುಂಬ. ಮಲೆನಾಡಿನಲ್ಲಂತೂ ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಲಾರಿಗಳು ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸಿಕೊಂಡು ದಶಕಗಟ್ಟಲೆ ದಿಮ್ಮಿ ಹೊತ್ತಿವೆ. ಟಾಟಾ ಕಂಪನಿ ಡೈಮ್ಲರ್ ಬೆಂಜ್ ಜತೆ ಕೈಜೋಡಿಸಿದ್ದು 1954ರಲ್ಲಿ. ಆ ಒಪ್ಪಂದ 1969ರಲ್ಲಿ ಮುಗಿಯಿತು. ಆ ಪೀಳಿಗೆಯ ಎಂಜಿನ್ನಿನ ವಂಶ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಇಷ್ಟು ಕಾಲ ಬಾಳಿದ ಯಂತ್ರ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ವಯಸ್ಸಾಗಿ ಸಾಯುತ್ತದೆಂದು ನಂಬುವ ಮೊದಲು ಸ್ವಲ್ಪ ಯೋಚಿಸಬೇಕು.

ಮರದ ಯಂತ್ರಗಳಿಗೆ ಇನ್ನೊಂದು ವಿಶೇಷವಿದೆ. ಅವು ವರ್ಷಪೂರ್ತಿ ಓಡುವುದಿಲ್ಲ. ಮಳೆಗಾಲದಲ್ಲಿ ಕಾಡಿನ ರಸ್ತೆ ಮುಚ್ಚುತ್ತದೆ, ಕಡಿತ ನಿಲ್ಲುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಯಂತ್ರ ಶೆಡ್ಡಿನಲ್ಲೋ ಬಯಲಿನಲ್ಲೋ ನಿಂತಿರುತ್ತದೆ. ಅರೆ ತುಂಬಿದ ಟ್ಯಾಂಕಿನ ಖಾಲಿ ಜಾಗದಲ್ಲಿ ತೇವದ ಗಾಳಿ ತಣಿದು ನೀರಾಗಿ ತಳಕ್ಕೆ ಇಳಿಯುತ್ತದೆ. ಪೈಪಿನೊಳಗಿನ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಬ್ಯಾಟರಿ ತಾನಾಗಿ ಖಾಲಿಯಾಗುತ್ತದೆ, ಟರ್ಮಿನಲ್ಲುಗಳ ಮೇಲೆ ಬಿಳಿ ಹಸಿರು ಪುಡಿ ಕಟ್ಟುತ್ತದೆ. ನವೆಂಬರಿನಲ್ಲಿ ಕೆಲಸ ಶುರುವಾಗುವ ಹೊತ್ತಿಗೆ ಚಳಿಯೂ ಬಂದಿರುತ್ತದೆ. ಹೀಗಾಗಿ ಓಡಿದ ಕಿಲೋಮೀಟರಿಗಿಂತ ನಿಂತ ತಿಂಗಳುಗಳು ಈ ಯಂತ್ರಗಳನ್ನು ಹೆಚ್ಚು ಕೆಡಿಸುತ್ತವೆ. ಅಂಥ ಕೆಡುಕೆಲ್ಲ ತೊಳೆದು, ತಿಕ್ಕಿ, ಬಿಗಿದು ಸರಿಪಡಿಸುವಂಥದ್ದು.

ಡೀಸೆಲ್ ಎಂಜಿನ್ ಹೊತ್ತಿಕೊಳ್ಳುವ ಬಗೆ ಗೊತ್ತಿದ್ದರೆ ಪರೀಕ್ಷೆಯ ಕ್ರಮ ಅದರಿಂದಲೇ ಹುಟ್ಟುತ್ತದೆ. ಇದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿಗೆ ಹೊಕ್ಕ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರು, ಹದಿನೇಳು ಪಟ್ಟು ಒತ್ತುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಆ ಕಾದ ಗಾಳಿಗೆ ನಾಜಲ್ ಸುಮಾರು 200 ಬಾರ್ ಒತ್ತಡದಲ್ಲಿ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸುತ್ತದೆ, ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಇಲ್ಲಿ ಬೇಕಾದದ್ದು ಮೂರೇ: ಸಾಕಷ್ಟು ವೇಗದಲ್ಲಿ ಸುತ್ತುವ ಎಂಜಿನ್, ಸಾಕಷ್ಟು ಕಾಯುವ ಗಾಳಿ, ಸರಿಯಾದ ಹೊತ್ತಿಗೆ ಬರುವ ಶುದ್ಧ ಡೀಸೆಲ್. ಎಂಜಿನ್ ನಿಧಾನವಾಗಿ ಸುತ್ತಿದರೆ ಒತ್ತಿದ ಗಾಳಿ ರಿಂಗ್‌ಗಳ ಸಂದಿಯಿಂದ ಜಾರುತ್ತದೆ, ಕಾವು ತಣ್ಣನೆಯ ಸಿಲಿಂಡರ್ ಗೋಡೆಗೆ ಹೋಗುತ್ತದೆ. ನಿಮಿಷಕ್ಕೆ 100 ಸುತ್ತಿಗಿಂತ ಕೆಳಗೆ ಇಳಿದರೆ ಎಷ್ಟೇ ಒಳ್ಳೆಯ ಎಂಜಿನ್ನೂ ಚಳಿಯಲ್ಲಿ ಹೊತ್ತಿಕೊಳ್ಳಲು ತಿಣುಕುತ್ತದೆ.

ಆದ್ದರಿಂದ ಸ್ಪ್ಯಾನರ್ ಮುಟ್ಟುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಸೆಲ್ಫ್ ಹೊಡೆದಾಗ ಎಂಜಿನ್ ಎಂದಿನ ವೇಗದಲ್ಲಿ ಸುತ್ತುತ್ತಿದೆಯೇ? ಸುತ್ತುವಾಗ ಸೈಲೆನ್ಸರಿನಿಂದ ಹೊಗೆ ಬರುತ್ತಿದೆಯೇ? ನಿಧಾನವಾಗಿ ಸುತ್ತಿದರೆ ತಪ್ಪು ಕರೆಂಟಿನ ಕಡೆ, ಇಲ್ಲವೇ ದಪ್ಪ ಆಯಿಲ್‌ನ ಕಡೆ. ಚೆನ್ನಾಗಿ ಸುತ್ತಿಯೂ ಹೊಗೆಯೇ ಇಲ್ಲದಿದ್ದರೆ ಸಿಲಿಂಡರಿಗೆ ಡೀಸೆಲ್ ಬರುತ್ತಿಲ್ಲ. ಚೆನ್ನಾಗಿ ಸುತ್ತಿ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಆಗ ಕಾವು, ಕಂಪ್ರೆಷನ್, ಟೈಮಿಂಗ್, ನಾಜಲ್ ಕಡೆ ನೋಡಬೇಕು. ಕಣ್ಣು ಕಿವಿ ಸಾಕಾಗುವ ಈ ಎರಡು ಪ್ರಶ್ನೆಗಳು ಹುಡುಕುವ ಜಾಗದ ಮುಕ್ಕಾಲು ಭಾಗವನ್ನು ಕಳೆದುಬಿಡುತ್ತವೆ. ಇವನ್ನು ಕೇಳದೆ ಪಂಪ್ ಬಿಚ್ಚುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಈಗ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ಬ್ಯಾಟರಿ ಡೌನ್ ಎಂಬುದು ಅರ್ಧ ಸತ್ಯ. ತುಂಬಿದ 12 ವೋಲ್ಟಿನ ಬ್ಯಾಟರಿ ಸುಮ್ಮನಿರುವಾಗ 12.6 ತೋರಿಸಬೇಕು, 12.2 ತೋರಿಸಿದರೆ ಅದು ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿಯಬಾರದು. ಇಷ್ಟು ಅಳೆದ ಮೇಲೆ ಬ್ಯಾಟರಿಯನ್ನು ದೂರಿದರೆ ಅದು ನ್ಯಾಯ. ಆದರೆ ಬ್ಯಾಟರಿಯಿಂದ ಹೊರಟ ಕರೆಂಟೆಲ್ಲ ಸೆಲ್ಫ್ ಮೋಟರಿಗೆ ತಲುಪುತ್ತಿದೆಯೇ ಎಂದು ನೋಡುವವರು ಕಡಿಮೆ. ಸೆಲ್ಫ್ ಹೊಡೆಯುವಾಗ ಹರಿಯುವುದು ನೂರಾರು ಆಂಪಿಯರ್. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಓಮ್‌ನ ನೂರನೇ ಒಂದು ಭಾಗದಷ್ಟು ಅಡ್ಡಿ ಇದ್ದರೆ, 300 ಆಂಪಿಯರ್ ಹರಿಯುವಾಗ ಅಲ್ಲೇ 3 ವೋಲ್ಟ್ ಕರಗುತ್ತದೆ. 12 ವೋಲ್ಟಿನಲ್ಲಿ ಕಾಲು ಭಾಗ ಹೋಯಿತು. ಹೊಸ ಬ್ಯಾಟರಿ ತಂದು ಕೂರಿಸಿದರೂ ಆ ತುಕ್ಕು ಅಲ್ಲೇ ಇರುತ್ತದೆ. ಹೊಸದರ ಬಿರುಸಿಗೆ ಎರಡು ವಾರ ಗಾಡಿ ಎದ್ದರೂ ಮತ್ತೆ ಹಳೆಯ ಕಥೆ.

ಇದನ್ನು ಕಂಡುಹಿಡಿಯಲು ಬೇಕಾದದ್ದು ಒಂದು ಅಗ್ಗದ ಮಲ್ಟಿಮೀಟರ್. ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ಲಿವರ್ ಎಳೆದಿಟ್ಟು, ಮೀಟರಿನ ಒಂದು ವೈರನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೂ ಇನ್ನೊಂದನ್ನು ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೂ ಹಿಡಿದು ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಅಡ್ಡಿಯಿದೆ. ಹಾಗೆಯೇ ಬ್ಯಾಟರಿಯ ಮೈನಸ್ ಕಂಬಕ್ಕೂ ಎಂಜಿನ್ ಬ್ಲಾಕಿಗೂ ಹಿಡಿಯಬೇಕು. ಇದು ಇನ್ನೂ ಕಡಿಮೆ ಇರಬೇಕು. ಹಳೆಯ ಲಾರಿಗಳಲ್ಲಿ ಅರ್ಥ್ ಪಟ್ಟಿ ಚಾಸಿಸ್ಸಿಗೆ ಬಿಗಿದಿರುತ್ತದೆ. ಮಣ್ಣು, ಬಣ್ಣ, ತುಕ್ಕಿನ ಪದರ ಅದರ ಕೆಳಗೆ ಸೇರಿರುತ್ತದೆ. ಉಪ್ಪುಕಾಗದದಲ್ಲಿ ತಿಕ್ಕಿ ಬಿಗಿದರೆ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿಯ ಬ್ಯಾಟರಿ ಬಲಿಯಾಗುತ್ತದೆ.

ಚಳಿಗೆ ಬ್ಯಾಟರಿ ಕೆಟ್ಟಿತು ಎಂಬುದಕ್ಕೂ ಕನ್ಹಾನ್ ಹವೆ ಬೇರೆ ಉತ್ತರ ಕೊಡುತ್ತದೆ. ಸೀಸದ ಬ್ಯಾಟರಿಯ ಆಯುಸ್ಸನ್ನು ತಿನ್ನುವುದು ಬಿಸಿಲು. ಉಷ್ಣಾಂಶ ಹತ್ತು ಡಿಗ್ರಿ ಏರಿದಂತೆಲ್ಲ ಅದರೊಳಗಿನ ಸವೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೇ ತಿಂಗಳ ಕಾವಿನಲ್ಲಿ ಫಲಕಗಳು ಸವೆಯುತ್ತವೆ, ನೀರು ಆರುತ್ತದೆ. ಬೇಸಗೆಯಲ್ಲಿ ಎಂಜಿನ್ ಹಗುರವಾಗಿ ಸುತ್ತುವುದರಿಂದ ಆ ನಷ್ಟ ತಿಳಿಯುವುದಿಲ್ಲ. ಡಿಸೆಂಬರಿನಲ್ಲಿ ಆಯಿಲ್ ಗಟ್ಟಿಯಾಗಿ ಹೆಚ್ಚು ಬಲ ಬೇಕಾದಾಗ ಅದು ಬಯಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಡಿಸ್ಟಿಲ್ಡ್ ವಾಟರ್ ನೋಡಿಕೊಂಡವರು ಡಿಸೆಂಬರಿನಲ್ಲಿ ಹೆಚ್ಚು ಪರದಾಡುವುದಿಲ್ಲ.

ಎರಡನೆಯ ನಂಬಿಕೆ ಎಲ್ಲಕ್ಕಿಂತ ದುಬಾರಿಯದು: ಪಂಪ್ ಹೋಗಿದೆ. ಇಂಜೆಕ್ಷನ್ ಪಂಪ್ ಬಿಚ್ಚಿ, ಎಲಿಮೆಂಟ್ ಬದಲಿಸಿ, ಕ್ಯಾಲಿಬ್ರೇಷನ್ ಮಾಡಿಸಿ, ಮತ್ತೆ ಟೈಮಿಂಗ್ ಕೂಡಿಸಿ ಕೂರಿಸುವಷ್ಟರಲ್ಲಿ ದಿನಗಳು ಉರುಳುತ್ತವೆ. ಪಂಪ್ ಹೋಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಸವೆದ ಪಂಪಿಗೆ ತನ್ನದೇ ಲಕ್ಷಣವಿದೆ. ಎಲಿಮೆಂಟಿನ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದಿ ಕೆಲವೇ ಮೈಕ್ರಾನ್. ಅದು ಸವೆದು ಅಗಲವಾದಾಗ, ಕಾದು ತೆಳುವಾದ ಡೀಸೆಲ್ ಆ ಸಂದಿಯಿಂದ ಜಾರುತ್ತದೆ. ಆದ್ದರಿಂದ ಸವೆದ ಪಂಪಿನ ಗಾಡಿ ಬೆಳಗ್ಗೆ ತಣ್ಣಗಿದ್ದಾಗ ಎದ್ದು, ಮಧ್ಯಾಹ್ನ ಊಟಕ್ಕೆ ನಿಲ್ಲಿಸಿ ಮತ್ತೆ ಹೊರಡುವಾಗ ಕೈಕೊಡುತ್ತದೆ. ಬೆಳಗ್ಗೆ ಮಾತ್ರ ಹಟ ಮಾಡಿ, ಒಮ್ಮೆ ಎದ್ದ ಮೇಲೆ ದಿನವಿಡೀ ಸಲೀಸಾಗಿ ಸ್ಟಾರ್ಟ್ ಆಗುವ ಗಾಡಿಯಲ್ಲಿ ಪಂಪನ್ನು ದೂರುವುದು ತಪ್ಪು. ಅಲ್ಲಿ ರಾತ್ರಿಯಿಡೀ ಡೀಸೆಲ್ ವಾಪಸ್ ಇಳಿದು ಲೈನಿನಲ್ಲಿ ಏರ್ ಹಿಡಿದಿರುವುದೇ ಹೆಚ್ಚು.

ಏರ್ ಹಿಡಿಯುವುದರ ಬಗೆಗಿನ ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ಎಲ್ಲೂ ಡೀಸೆಲ್ ಸೋರುತ್ತಿಲ್ಲ, ಆದ್ದರಿಂದ ಏರ್ ಹಿಡಿಯಲು ಸಾಧ್ಯವಿಲ್ಲ ಎಂಬ ಮಾತು ಗ್ಯಾರೇಜುಗಳಲ್ಲಿ ಬಲವಾಗಿದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ತಳ್ಳುವವರು ಯಾರೂ ಇಲ್ಲ. ಫೀಡ್ ಪಂಪ್ ಅದನ್ನು ಹೀರುತ್ತದೆ. ತೂತು ಬಿದ್ದ ಕೊಳವೆಯಲ್ಲಿ ಎಳನೀರು ಹೀರಿದರೆ ಬಾಯಿಗೆ ಗಾಳಿ ಬರುತ್ತದೆಯೇ ಹೊರತು ಎಳನೀರು ಹೊರಗೆ ಚೆಲ್ಲುವುದಿಲ್ಲ. ಇಲ್ಲೂ ಹಾಗೆಯೇ. ಹೀರುವ ಭಾಗದ ಬಿರುಕು ಒದ್ದೆಯಾಗಿ ಕಾಣುವುದಿಲ್ಲ. ಒಣಗಿ ಸ್ವಚ್ಛವಾಗಿ ಕಾಣುವ ಪೈಪೇ ಅಪರಾಧಿಯಾಗಿರಬಹುದು.

ಇದನ್ನು ಸಾಬೀತು ಮಾಡುವ ಪರೀಕ್ಷೆ ಸುಲಭ, ಖರ್ಚಿಲ್ಲದ್ದು. ಒಂದು ಶುದ್ಧ ಕ್ಯಾನಿಗೆ ಸೋಸಿದ ಡೀಸೆಲ್ ಹಾಕಿ ಫೀಡ್ ಪಂಪಿಗಿಂತ ಎತ್ತರದಲ್ಲಿ ಕಟ್ಟಬೇಕು. ಟ್ಯಾಂಕಿನ ಪೈಪ್ ಕಳಚಿ, ಕ್ಯಾನಿನಿಂದ ಹೊಸದೊಂದು ಚಿಕ್ಕ ಪೈಪ್ ಕೊಟ್ಟು, ಕೈ ಪ್ರೈಮರ್ ಒತ್ತಿ ಏರ್ ತೆಗೆಯಬೇಕು. ಗಾಡಿ ಎದ್ದು ಸಲೀಸಾಗಿ ಓಡಿದರೆ ಪಂಪೂ ನಾಜಲ್ಲೂ ನಿರಪರಾಧಿಗಳು. ತಪ್ಪು ಟ್ಯಾಂಕಿನಿಂದ ಇತ್ತ ಬರುವ ದಾರಿಯಲ್ಲಿದೆ. ಪಾರದರ್ಶಕ ಪೈಪನ್ನು ನಡುವೆ ಕೂರಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಆಮೇಲೆ ಪೈಪುಗಳನ್ನು ಜೋಡಿಸುವ ಬ್ಯಾಂಜೊ ಬೋಲ್ಟುಗಳ ಕಾಪರ್ ವಾಷರ್ ನೋಡಬೇಕು. ಒಮ್ಮೆ ಬಿಗಿದ ತಾಮ್ರ ಗಟ್ಟಿಯಾಗಿ ಮತ್ತೆ ಸರಿಯಾಗಿ ಕೂರುವುದಿಲ್ಲ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ, ಇಲ್ಲವೇ ಹೊಸದು ಹಾಕಬೇಕು. ಫೀಡ್ ಪಂಪಿನ ಒಳವಾಲ್ವುಗಳಲ್ಲಿ ಕಸ ಸಿಕ್ಕಿದ್ದರೆ ರಾತ್ರಿ ಡೀಸೆಲ್ ಹಿಂದಕ್ಕೆ ಇಳಿಯುತ್ತದೆ. ಏರ್ ತೆಗೆಯುವಾಗ ಕ್ರಮ ತಪ್ಪಬಾರದು: ಮೊದಲು ಫಿಲ್ಟರ್, ಆಮೇಲೆ ಪಂಪಿನ ಬ್ಲೀಡ್ ಸ್ಕ್ರೂ, ಕೊನೆಗೆ ನಾಜಲ್ ಪೈಪುಗಳ ನಟ್. ನಾಜಲ್ ಸಿಂಪಡಿಸುವುದನ್ನು ಕೈಯಡ್ಡ ಇಟ್ಟು ನೋಡುವ ಅಭ್ಯಾಸ ಮಾತ್ರ ಇವತ್ತೇ ನಿಲ್ಲಬೇಕು. ಆ ಒತ್ತಡದ ಡೀಸೆಲ್ ಚರ್ಮ ಹೊಕ್ಕರೆ ಬೆರಳೇ ಹೋಗಬಹುದು.

ಹೊಸ ಡೀಸೆಲ್ ಬಂದ ಮೇಲೆ ಹಳೆಯ ಪಂಪುಗಳು ಹಾಳಾದವು ಎಂಬ ದೂರೂ ಕೇಳಿಬರುತ್ತದೆ. 2020ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಬಂದ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗದೊಳಗೆ ಇರಬೇಕು. ಗಂಧಕ ತೆಗೆದ ಡೀಸೆಲ್ಲಿಗೆ ಜಿಡ್ಡು ಕಡಿಮೆ, ಆದ್ದರಿಂದ ಪಂಪ್ ಸವೆಯುತ್ತದೆ ಎಂಬುದು ತರ್ಕ. ಆದರೆ ಭಾರತೀಯ ಮಾನಕ 1460 ಇದಕ್ಕೂ ಮಿತಿ ಹಾಕಿದೆ: ಪರೀಕ್ಷೆಯಲ್ಲಿ ಸವೆತದ ಗುರುತು 460 ಮೈಕ್ರಾನ್ ಮೀರಬಾರದು. ಅಷ್ಟು ಜಿಡ್ಡು ಬರುವಂತೆ ನೋಡಿಕೊಂಡೇ ಡೀಸೆಲ್ ಹೊರಬರಬೇಕು. ಬದಲಾದ ಡೀಸೆಲ್ಲಿನಿಂದ ನಿಜವಾಗಿ ತೊಂದರೆಯಾಗುವುದು ಹಳೆಯ ರಬ್ಬರ್ ಸೀಲುಗಳಿಗೆ. ವರ್ಷಗಟ್ಟಲೆ ಹಳೆಯ ಡೀಸೆಲ್ ಕುಡಿದು ಉಬ್ಬಿದ್ದ ಸೀಲ್, ಆರೊಮ್ಯಾಟಿಕ್ ಅಂಶ ಕಡಿಮೆಯಾದ ಡೀಸೆಲ್ಲಿನಲ್ಲಿ ಕುಗ್ಗುತ್ತದೆ. ಕುಗ್ಗಿದ ಸೀಲಿನಿಂದ ಏರ್ ನುಗ್ಗುತ್ತದೆ. ಅಲ್ಲಿಗೂ ಉತ್ತರ ಸೀಲ್ ಬದಲಿಸುವುದು, ಪಂಪ್ ಬದಲಿಸುವುದಲ್ಲ.

ಅದೇ ಮಾನಕದಲ್ಲಿ ಚಳಿಗೆ ಸಂಬಂಧಿಸಿದ ಇನ್ನೊಂದು ಅಂಕಿಯಿದೆ. ತಣ್ಣಗಾದ ಡೀಸೆಲ್ಲಿನಲ್ಲಿ ಮೇಣದ ಕಣಗಳು ಕಟ್ಟಿ ಫಿಲ್ಟರನ್ನು ಮುಚ್ಚುವ ಉಷ್ಣಾಂಶ ಬೇಸಗೆ ಡೀಸೆಲ್ಲಿಗೆ 18 ಡಿಗ್ರಿವರೆಗೂ ಇರಬಹುದು. ಚಳಿಗಾಲದ ಡೀಸೆಲ್ಲಿಗೆ 6 ಡಿಗ್ರಿ ಮೀರಬಾರದು. ಮಳೆಗೆ ಮುಂಚೆ ಡ್ರಮ್ಮಿನಲ್ಲಿ ತುಂಬಿಟ್ಟ ಡೀಸೆಲ್ಲನ್ನು ಡಿಸೆಂಬರಿನ ಕನ್ಹಾನ್ ಚಳಿಯಲ್ಲಿ ಬಳಸುವವರು ಬೇಸಗೆ ಡೀಸೆಲ್ಲನ್ನೇ ಬಳಸುತ್ತಿದ್ದಾರೆ. ಬೆಳಗ್ಗೆ ಏಳದೆ ಬಿಸಿಲು ಏರಿದ ಮೇಲೆ ತಾನಾಗಿ ಎದ್ದ ಗಾಡಿಯ ರಹಸ್ಯ ಹಲವು ಸಲ ಇಷ್ಟೇ. ಇದಕ್ಕಾಗಿ ಟ್ಯಾಂಕಿನ ಕೆಳಗೆ ಬೆಂಕಿ ಹಾಕುವ ಪದ್ಧತಿಯಿದೆ. ಜೀವವನ್ನೇ ಪಣಕ್ಕಿಡುವ ಕೆಲಸವದು. ನವೆಂಬರಿನಲ್ಲಿ ಟ್ಯಾಂಕ್ ಖಾಲಿ ಮಾಡಿ, ತಳದ ನೀರು ಬಸಿದು, ಬಂಕಿನಿಂದ ಹೊಸ ಡೀಸೆಲ್ ತುಂಬಿಸಿ, ಫಿಲ್ಟರ್ ಬದಲಿಸಿದರೆ ಬೆಂಕಿಯ ಮಾತೇ ಬರುವುದಿಲ್ಲ.

ಹಳೆಯ ಎಂಜಿನ್ನಿಗೆ ದಪ್ಪ ಆಯಿಲ್ಲೇ ಸರಿ ಎಂಬುದು ಇನ್ನೊಂದು ಗಟ್ಟಿ ನಂಬಿಕೆ. ಸವೆದ ರಿಂಗ್‌ಗಳ ಸಂದಿಯನ್ನು ದಪ್ಪ ಆಯಿಲ್ ತುಂಬುತ್ತದೆ ಎಂಬ ಲೆಕ್ಕದಲ್ಲಿ ಎಸ್‌ಎಇ 40 ಆಯಿಲ್ ಹಾಕುತ್ತಾರೆ. ಕಾದ ಎಂಜಿನ್ನಿಗೆ ಆ ಲೆಕ್ಕ ಸರಿ. ತಣ್ಣನೆಯ ಬೆಳಗಿನಲ್ಲಿ ಅದೇ ಆಯಿಲ್ ಅಂಟಿನಂತಾಗಿ ಎಂಜಿನ್ ಸುತ್ತುವ ವೇಗವನ್ನೇ ಇಳಿಸುತ್ತದೆ. ವೇಗ ಇಳಿದರೆ ಗಾಳಿ ಕಾಯುವುದಿಲ್ಲ. ಬ್ಯಾಟರಿಯನ್ನು ಬೈಯುತ್ತೇವೆ, ಹೊಣೆ ಆಯಿಲ್‌ನದು. 15ಡಬ್ಲ್ಯೂ-40 ಆಯಿಲ್ ಕಾದಾಗ ಅದೇ 40ರ ದಪ್ಪ ಉಳಿಸಿಕೊಂಡು, ತಣ್ಣಗಿದ್ದಾಗ ತೆಳ್ಳಗೆ ಹರಿಯುತ್ತದೆ. ಅದನ್ನು ಹೊಸ ಗಾಡಿಗಳಿಗೆ ಮಾತ್ರ ಮೀಸಲೆಂದು ತಿಳಿಯುವುದಕ್ಕೆ ಕಾರಣವಿಲ್ಲ.

ಇನ್ನು ಈಥರ್ ಸ್ಪ್ರೇ ಮತ್ತು ಪೆಟ್ರೋಲ್ ಬಟ್ಟೆ. ಈಥರ್ ಡೀಸೆಲ್ಲಿಗಿಂತ ಎಷ್ಟೋ ಕಡಿಮೆ ಕಾವಿನಲ್ಲಿ ಹೊತ್ತಿಕೊಳ್ಳುತ್ತದೆ. ಅದಕ್ಕೇ ಎಂಜಿನ್ ಥಟ್ಟನೆ ಏಳುತ್ತದೆ. ಆದರೆ ಅದು ನಾಜಲ್ ಸಿಂಪಡಿಸುವ ಹೊತ್ತಿಗೆ ಕಾಯುವುದಿಲ್ಲ; ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸಿಡಿಯುತ್ತದೆ. ಏರುವ ಪಿಸ್ಟನ್ನಿಗೆ ಎದುರಿನಿಂದ ಬಿದ್ದ ಹೊಡೆತಕ್ಕೆ ರಿಂಗ್ ಒಡೆಯುತ್ತದೆ, ರಿಂಗ್ ಕೂರುವ ತೋಡಿನ ಅಂಚು ಮುರಿಯುತ್ತದೆ. ಹೀಟರ್ ಪ್ಲಗ್ ಅಥವಾ ಮ್ಯಾನಿಫೋಲ್ಡ್ ಹೀಟರ್ ಇರುವ ಎಂಜಿನ್ನಿನಲ್ಲಿ ಹೀಟರ್ ಕಾದಿರುವಾಗ ಈಥರ್ ಬಿಟ್ಟರೆ ಬೆಂಕಿ ಹೊರಗೇ ಚಿಮ್ಮಬಹುದು. ಒಮ್ಮೆ ಈಥರ್ ರುಚಿ ಹತ್ತಿದ ಎಂಜಿನ್ ಅದಿಲ್ಲದೆ ಏಳುವುದಿಲ್ಲ ಎಂದು ಜನ ಹೇಳುತ್ತಾರೆ. ಎಂಜಿನ್ನಿಗೆ ಚಟ ಹತ್ತುವುದಿಲ್ಲ. ಮೊದಲಿದ್ದ ತಪ್ಪು ಹಾಗೇ ಉಳಿದಿರುತ್ತದೆ, ಅದರ ಮೇಲೆ ರಿಂಗ್ ಮುರಿದು ಕಂಪ್ರೆಷನ್ನೂ ಕಡಿಮೆಯಾಗಿರುತ್ತದೆ. ವಾಷರ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಎಂಜಿನ್ ಬಿಚ್ಚುವ ಕೆಲಸವಾಗಿ ಬೆಳೆಯುವುದು ಹೀಗೆ.

ದಬ್ಬುವುದು, ಎಳೆಯುವುದು, ಇಳಿಜಾರಿನಲ್ಲಿ ನಿಲ್ಲಿಸಿ ಬೆಳಗ್ಗೆ ಉರುಳಿಸಿ ಗೇರ್ ಹಾಕುವುದು ನಮ್ಮಲ್ಲಿ ಜಾಣತನವೆಂದೇ ಹೆಸರಾಗಿವೆ. ಖಾಲಿ ಜೀಪಿಗೆ ಅದು ನಡೆಯಬಹುದು. ದಿಮ್ಮಿ ಹೇರಿದ ಲಾರಿಯ ಮಾತೇ ಬೇರೆ. ಏರ್ ಬ್ರೇಕ್ ಇರುವ ಗಾಡಿಯಲ್ಲಿ ಎಂಜಿನ್ ಓಡಿ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬುವವರೆಗೆ ಕಾಲಿನ ಬ್ರೇಕಿಗೆ ಬಲವಿಲ್ಲ. ಇಳಿಜಾರಿನಲ್ಲಿ ಉರುಳಿಸಿದ ಲಾರಿ ಸ್ಟಾರ್ಟ್ ಆಗದಿದ್ದರೆ ಅದನ್ನು ಹಿಡಿದು ನಿಲ್ಲಿಸಲು ಚಾಲಕನ ಕೈಯಲ್ಲಿ ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ಸೋರುವ ನಾಜಲ್ಲಿನಿಂದ ಡೀಸೆಲ್ಲೋ, ಹೆಡ್ ಗ್ಯಾಸ್ಕೆಟ್ಟಿನಿಂದ ನೀರೋ ಸಿಲಿಂಡರಿನಲ್ಲಿ ನಿಂತಿದ್ದರೆ ಇನ್ನೊಂದು ಅಪಾಯ ಕಾದಿದೆ. ದ್ರವವನ್ನು ಗಾಳಿಯಂತೆ ಒತ್ತಲಾಗದು. ಸೆಲ್ಫ್ ಮೋಟರಾದರೆ ತಿರುಗದೆ ನಿಂತು ಎಚ್ಚರಿಸುತ್ತದೆ. ಎಳೆಯುವ ಗಾಡಿಗೆ ಆ ವಿವೇಕವಿಲ್ಲ, ಕನೆಕ್ಟಿಂಗ್ ರಾಡನ್ನು ಬಗ್ಗಿಸಿಬಿಡುತ್ತದೆ.

ಇಷ್ಟೆಲ್ಲ ಆದ ಮೇಲೂ ಗುಜರಿಯ ಪರವಾಗಿ ಒಂದು ಗಟ್ಟಿ ವಾದ ಉಳಿಯುತ್ತದೆ, ಅದನ್ನು ಗೌರವಿಸಬೇಕು. ಹಳೆಯ ಡೀಸೆಲ್ ಎಂಜಿನ್ ಹೊಗೆ ಉಗುಳುತ್ತದೆ. ಆ ಹೊಗೆ ಉಸಿರಾಡುವವರ ಆರೋಗ್ಯ ಮುಖ್ಯ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುವುದಿಲ್ಲ. ಹೊಗೆಯ ಕಾರಣಕ್ಕೆ, ಬ್ರೇಕಿನ ಸುರಕ್ಷತೆಯ ಕಾರಣಕ್ಕೆ ಒಂದು ಗಾಡಿಯನ್ನು ರಸ್ತೆಯಿಂದ ಇಳಿಸುವುದು ಸಮಾಜ ಯೋಚಿಸಿ ಮಾಡಿದ ತೀರ್ಮಾನ. ನಾನು ವಿರೋಧಿಸುವುದು ಅದನ್ನಲ್ಲ. ಬೆಳಗ್ಗೆ ಸ್ಟಾರ್ಟ್ ಆಗಲಿಲ್ಲ ಎಂಬ ಕಾರಣಕ್ಕೆ, ಏಕೆ ಆಗಲಿಲ್ಲವೆಂದು ತಿಳಿಯದೆ, ಡಿಪೋದ ಕ್ರೇನನ್ನೋ ಸಾ ಮಿಲ್ಲಿನ ಎಂಜಿನ್ನನ್ನೋ ತೂಕಕ್ಕೆ ಮಾರುವುದನ್ನು ವಿರೋಧಿಸುತ್ತೇನೆ. ಅಲ್ಲಿ ಸೋತದ್ದು ನಮ್ಮ ತಿಳಿವಳಿಕೆ. ಹೊಗೆಯ ವಿಷಯದಲ್ಲೂ ನೆನಪಿಡಬೇಕು: ಚಳಿಯಲ್ಲಿ ಹತ್ತು ನಿಮಿಷ ಬಿಳಿ ಹೊಗೆ ಚೆಲ್ಲುತ್ತಾ ತಿಣುಕುವ ಎಂಜಿನ್ನು, ಮತ್ತೆ ಏಳುವುದೋ ಇಲ್ಲವೋ ಎಂಬ ಭಯಕ್ಕೆ ರಾತ್ರಿಯಿಡೀ ಆಫ್ ಮಾಡದೆ ಬಿಟ್ಟ ಎಂಜಿನ್ನು, ಸರಿಯಾಗಿ ಸ್ಟಾರ್ಟ್ ಆಗುವ ಎಂಜಿನ್ನಿಗಿಂತ ಹೆಚ್ಚು ವಿಷ ಉಗುಳುತ್ತವೆ.

ಇನ್ನೊಂದು ಆಕ್ಷೇಪ ಮೇಸ್ತ್ರಿಗಳ ಕಡೆಯಿಂದ ಬರುತ್ತದೆ. ಮೀಟರ್, ಕ್ಯಾನು, ಪ್ರಶ್ನೆಗಳು ಎಲ್ಲ ಪುಸ್ತಕದ ಬದನೆಕಾಯಿ. ನಲವತ್ತು ವರ್ಷ ಕೆಲಸ ಮಾಡಿದವರ ಕೈಗುಣದ ಮುಂದೆ ಅವು ನಿಲ್ಲುವುದಿಲ್ಲ ಎಂಬ ಮಾತದು. ಕೈಗುಣವನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ಒಳ್ಳೆಯ ಮೇಸ್ತ್ರಿ ಏನು ಮಾಡುತ್ತಾರೆ ಎಂದು ಗಮನಿಸಿ ನೋಡಿ. ಅವರು ಮೊದಲು ಸೆಲ್ಫ್ ಹೊಡೆಸಿ ಸದ್ದು ಕೇಳುತ್ತಾರೆ, ಸೈಲೆನ್ಸರ್ ಕಡೆ ಕಣ್ಣು ಹಾಯಿಸುತ್ತಾರೆ, ಪ್ರೈಮರ್ ಒತ್ತಿ ಅದು ಗಟ್ಟಿಯಾಗುವುದನ್ನು ಹೆಬ್ಬೆರಳಲ್ಲೇ ಅಳೆಯುತ್ತಾರೆ, ಸೆಲ್ಫ್ ಹೊಡೆದ ಮೇಲೆ ಕೇಬಲ್ ಮುಟ್ಟಿ ಬಿಸಿಯಾಗಿದೆಯೇ ನೋಡುತ್ತಾರೆ. ಅವರ ಕೈಗುಣವೆಂಬುದು ಈ ಕ್ರಮವೇ. ಅದು ಮೈಗೂಡಿ ಮಾತಿಗೆ ಸಿಗದಂತಾಗಿದೆ. ಮಾತಿಗೆ ಸಿಗದ ವಿದ್ಯೆ ಗ್ಯಾರೇಜಿನ ಹುಡುಗನಿಗೆ ದಾಟುವುದಿಲ್ಲ. ಅವನು ಕಲಿಯುವುದು ಮೇಸ್ತ್ರಿ ಕೊನೆಗೆ ಮಾಡಿದ ಕೆಲಸವನ್ನು ಮಾತ್ರ: ಪಂಪ್ ಬಿಚ್ಚುವುದನ್ನು. ಮೇಸ್ತ್ರಿ ಪಂಪ್ ಬಿಚ್ಚುವ ಮೊದಲು ಏನೇನನ್ನು ತಳ್ಳಿಹಾಕಿದ್ದರು ಎಂಬುದು ಅವನಿಗೆ ಕಾಣದೆ ಹೋಗುತ್ತದೆ. ಹಾಗೆ ಕಲಿತ ಹುಡುಗರು ನಾಳೆ ಮೇಸ್ತ್ರಿಗಳಾದಾಗ ಪ್ರತಿ ಗಾಡಿಯ ಪಂಪನ್ನೂ ಬಿಚ್ಚುತ್ತಾರೆ.

ಗಾಡಿಯ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದವರನ್ನು ನಾವು ಕೇಳುವುದೂ ಇಲ್ಲ. ಚಾಲಕ, ಕ್ರೇನ್ ಆಪರೇಟರ್, ಕ್ಲೀನರ್ ಇವರಿಗೆ ಗಾಡಿ ಯಾವಾಗಿನಿಂದ ತಡವಾಗಿ ಏಳುತ್ತಿದೆ, ಬೆಳಗ್ಗೆ ಮಾತ್ರವೋ ಮಧ್ಯಾಹ್ನವೂ ಹಾಗೆಯೋ, ಕೊನೆಯ ಸಲ ಫಿಲ್ಟರ್ ಬದಲಿಸಿದ ಮೇಲೆ ಶುರುವಾಯಿತೋ ಎಂಬುದೆಲ್ಲ ಗೊತ್ತಿರುತ್ತದೆ. ಆ ಉತ್ತರಗಳಲ್ಲೇ ಅರ್ಧ ರೋಗ ಗೊತ್ತಾಗುತ್ತದೆ. ಮಾಲೀಕರು ಮೇಸ್ತ್ರಿಗೆ ಫೋನ್ ಮಾಡುತ್ತಾರೆ, ಮೇಸ್ತ್ರಿ ಸ್ಪ್ಯಾನರ್ ತೆಗೆಯುತ್ತಾರೆ, ಕ್ಲೀನರ್ ಟಾರ್ಚ್ ಹಿಡಿದು ಸುಮ್ಮನೆ ನಿಂತಿರುತ್ತಾನೆ. ಈ ಅಭ್ಯಾಸದ ಬೆಲೆಯನ್ನು ತೆರುವುದು ಯಂತ್ರ.

ಆದ್ದರಿಂದ ಮರದ ಯಂತ್ರ ಇಟ್ಟುಕೊಂಡವರಲ್ಲಿ, ಅದನ್ನು ದುರಸ್ತಿ ಮಾಡುವವರಲ್ಲಿ, ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ವಿದ್ಯೆ ಕಲಿಸುವವರಲ್ಲಿ ನನ್ನ ಬೇಡಿಕೆ ಸರಳ. ಪ್ರತಿ ಗ್ಯಾರೇಜಿನ ಗೋಡೆಯ ಮೇಲೆ ಪರೀಕ್ಷೆಯ ಕ್ರಮ ಬರೆದಿರಲಿ: ಚಾಲಕನನ್ನು ಕೇಳು, ಸ್ಟಾಪ್ ಲಿವರ್ ಪೂರ್ತಿ ವಾಪಸ್ ಬಂದಿದೆಯೇ ನೋಡು, ಸುತ್ತುವ ವೇಗ ನೋಡು, ಹೊಗೆ ನೋಡು, ವೋಲ್ಟ್ ಅಳೆ, ಕ್ಯಾನಿನಿಂದ ಡೀಸೆಲ್ ಕೊಟ್ಟು ನೋಡು, ಕಂಪ್ರೆಷನ್ ಅಳೆ, ಇಷ್ಟಾದ ಮೇಲೆ ಪಂಪ್ ಮುಟ್ಟು. ಕಂಡುಬಂದ ತಪ್ಪನ್ನು, ದಿನಾಂಕ ಸಮೇತ, ಗಾಡಿಯಲ್ಲೇ ಇರುವ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ತುಂಬಿಸಿ, ಬ್ಯಾಟರಿ ಕಳಚಿಡಿ, ನಿಂತ ಯಂತ್ರವನ್ನು ಆಗಾಗ ಓಡಿಸಿ. ಇಷ್ಟು ಮಾಡಿಯೂ ಕಂಪ್ರೆಷನ್ ಇಲ್ಲ, ಬ್ಲಾಕ್ ಸೀಳಿದೆ, ಬಿಡಿಭಾಗ ಸಿಗುವುದಿಲ್ಲ ಎಂದು ಸಾಬೀತಾದರೆ ಆ ಯಂತ್ರವನ್ನು ಗುಜರಿಗೆ ಕಳಿಸಿ. ನಾನು ಅಡ್ಡ ಬರುವುದಿಲ್ಲ. ಸಾಬೀತಾಗುವವರೆಗೆ ಅದರ ವಯಸ್ಸನ್ನು ದೂರುವ ಹಕ್ಕು ಯಾರಿಗೂ ಇಲ್ಲ.